ಆಟದ ಪೆಟ್ಟಿಗೆಯೊಳಗಿನ ಸಂಗೀತ

ಮಕ್ಕಳು ಆಡಿ ಬಿಟ್ಟ ಆಟಿಕೆಯನ್ನು ದೊಡ್ಡವರು ಮತ್ತೆ ಕೈಗೆತ್ತಿಕೊಳ್ಳುವುದು ಅಪರೂಪ. ಎತ್ತಿಕೊಂಡರೂ ಅದು ಅಟ್ಟಕ್ಕೆ ಹಾಕಲು, ಇಲ್ಲವೇ ಗುಜರಿಯವನ ತಕ್ಕಡಿಗೆ ಹಾಕಲು. ಆದರೆ ಜಪಾನಿನ ಸೋನಿ ಕಂಪನಿ 1994ರಲ್ಲಿ ಹೊರತಂದ ‘ಪ್ಲೇಸ್ಟೇಷನ್’ ಎಂಬ ವೀಡಿಯೊ ಗೇಮ್ ಪೆಟ್ಟಿಗೆಯ ಹಣೆಬರಹ ಬೇರೆಯೇ ಆಯಿತು. ಅದರ ಆಟಗಳು ಹಳತಾದವು, ಆಡುತ್ತಿದ್ದ ಮಕ್ಕಳು ನೌಕರಿಗೆ ಸೇರಿದರು. ಆಗ ಸಂಗೀತದ ಹುಚ್ಚು ಹಿಡಿದ ಕೆಲವರು ಅದನ್ನು ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕತೊಡಗಿದರು. ತಂದು ಮುಚ್ಚಳ ಬಿಚ್ಚಿದರು. ಒಳಗಿನ ಕೆಲವು ಬಿಡಿಭಾಗಗಳನ್ನು ಕಿತ್ತರು, ಬೇರೆ ಕೆಲವನ್ನು ಬೆಸೆದರು. ಕಾರು ಓಡಿಸುವ, ಗುಂಡು ಹಾರಿಸುವ ಆಟಗಳಿಗೆಂದು ಹುಟ್ಟಿದ ಬೂದು ಬಣ್ಣದ ಆ ಪ್ಲಾಸ್ಟಿಕ್ ಡಬ್ಬಿ, ದುಬಾರಿ ಆಂಪ್ಲಿಫೈಯರ್‌ಗಳ ಪಕ್ಕದಲ್ಲಿ ಸಿ.ಡಿ. ಪ್ಲೇಯರ್ ಆಗಿ ಕುಳಿತುಕೊಂಡಿತು.

ಇದು ದೂರದ ದೇಶದ ಶ್ರೀಮಂತರ ಶೋಕಿ ಎಂದು ಪುಟ ಮಗುಚುವ ಮುನ್ನ ನಮ್ಮ ಮನೆಗಳ ಕಡೆಗೊಮ್ಮೆ ನೋಡೋಣ. ಚನ್ನಗಿರಿಯ ಅಡಿಕೆ ಬೆಳೆಗಾರರ ಮನೆಯಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೇಷ್ಟ್ರ ಮನೆಯಾಗಲಿ, ಶೋಕೇಸಿನ ಕೆಳಗಿನ ಖಾನೆಯಲ್ಲಿ ಹುಡುಕಿದರೆ ಒಂದು ಅಡುಕು ಸಿ.ಡಿ. ಸಿಗುವುದು ಕಷ್ಟವಲ್ಲ. ಒಂದರಲ್ಲಿ ಭಾವಗೀತೆ, ಇನ್ನೊಂದರಲ್ಲಿ ವಚನ, ಮತ್ತೊಂದರಲ್ಲಿ ಸಿನಿಮಾ ಹಾಡು. ಅವುಗಳ ನಡುವೆ ಮಗಳ ಮದುವೆಯದೋ, ಊರ ಜಾತ್ರೆಯದೋ, ಈಗ ಇಲ್ಲದ ಅಜ್ಜಿಯ ಸೋಬಾನೆ ಪದದ್ದೋ, ಪೆನ್ನಿನಲ್ಲಿ ಹೆಸರು ಬರೆದ ಒಂದೆರಡು ತಟ್ಟೆ. ತಟ್ಟೆಗಳೇನೋ ಇವೆ, ಹಾಕಿ ಕೇಳುವ ಯಂತ್ರ ಎಲ್ಲಿ? ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಕಾಣೆಯಾಗಿದೆ, ಹೊಸ ಕಾರುಗಳಲ್ಲೂ ಅದೇ ಕಥೆ. ಆದ್ದರಿಂದ ಹಳೆಯ ಯಂತ್ರವೊಂದನ್ನು ಬಿಚ್ಚಿ ಸರಿಮಾಡಿ ಹಾಡಿಸಿದವರ ಕಥೆ ನಮಗೂ ಸಂಬಂಧಪಟ್ಟದ್ದೇ. ಅದರಲ್ಲಿ ನಿಜವೆಷ್ಟು, ಮೋಹವೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು.

ಮುರಿದ ಮಾತಿನಿಂದ ಹುಟ್ಟಿದ ಯಂತ್ರ

ಮೊದಲಿಗೆ, ಆಟದ ಪೆಟ್ಟಿಗೆಯೊಂದಕ್ಕೆ ಸಂಗೀತದ ಸಂಸ್ಕಾರ ಬಂದದ್ದು ಹೇಗೆ? ಅದರ ಜನಕನೆಂದು ಹೆಸರಾದ ಎಂಜಿನಿಯರ್ ಕೆನ್ ಕುಟರಾಗಿ. ಆಟದ ಯಂತ್ರಗಳಲ್ಲಿ ಇವರು ಮಾಡಿದ ಮೊದಲ ದೊಡ್ಡ ಕೆಲಸ ಧ್ವನಿಗೆ ಸಂಬಂಧಿಸಿದ್ದು. 1990ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪನಿಯ ‘ಸೂಪರ್ ಫ್ಯಾಮಿಕಾಮ್’ ಯಂತ್ರದ ಧ್ವನಿ ಚಿಪ್ಪನ್ನು ರೂಪಿಸಿದವರು ಅವರು. ಸೋನಿಯ ನೌಕರ ನಿಂಟೆಂಡೊಗೆ ಚಿಪ್ ಮಾಡಿಕೊಟ್ಟದ್ದರಿಂದ ಎರಡೂ ಕಂಪನಿಗಳು ಹತ್ತಿರವಾದವು. ಸಿ.ಡಿ.ಯಲ್ಲೂ ಆಡಬಹುದಾದ ಒಂದು ಯಂತ್ರವನ್ನು ಸೇರಿ ತರುವ ಮಾತುಕತೆಯಾಯಿತು.

1991ರ ಜೂನ್‌ನಲ್ಲಿ ಅಮೆರಿಕದ ಷಿಕಾಗೊದಲ್ಲಿ ನಡೆದ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಸೋನಿ ಈ ಯಂತ್ರವನ್ನು ಪ್ರಕಟಿಸಿತು. ಮರುದಿನವೇ ಅದೇ ಪ್ರದರ್ಶನದಲ್ಲಿ ನಿಂಟೆಂಡೊ, ತಾನು ಸಿ.ಡಿ. ವಿಷಯದಲ್ಲಿ ಕೈಜೋಡಿಸುವುದು ಹಾಲೆಂಡಿನ ಫಿಲಿಪ್ಸ್ ಜೊತೆಗೆ ಎಂದು ಘೋಷಿಸಿತು. ನಿಶ್ಚಿತಾರ್ಥದ ಮರುದಿನ ಹುಡುಗಿಯ ಕಡೆಯವರು ಬೇರೆ ಸಂಬಂಧ ನೋಡಿದಂತಾಯಿತು. ಸಿ.ಡಿ. ಆಟಗಳ ಮೇಲಿನ ಹಕ್ಕು ಯಾರದೆಂಬುದೇ ಈ ಬಿರುಕಿನ ಮೂಲ.

ಸೋನಿಯ ಅಂದಿನ ಅಧ್ಯಕ್ಷ ನೊರಿಯೊ ಓಗಾ ವ್ಯಾಪಾರಿಯಾಗುವ ಮುನ್ನ ಗಾಯಕ. ಟೋಕಿಯೊ ಹಾಗೂ ಬರ್ಲಿನ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತವರು. ಸಿ.ಡಿ.ಯನ್ನು ಜಗತ್ತಿಗೆ ತರುವುದರಲ್ಲಿ ಮುಂದೆ ನಿಂತವರು. ‘ಆಟಿಕೆ ಮಾಡುವುದು ನಮ್ಮಂಥ ಕಂಪನಿಗೆ ಶೋಭೆಯಲ್ಲ’ ಎನ್ನುವವರು ಸೋನಿಯೊಳಗೇ ಬಹಳವಿದ್ದಾಗ ಕುಟರಾಗಿಯ ಬೆನ್ನಿಗೆ ನಿಂತವರು ಈ ಗಾಯಕ ಅಧ್ಯಕ್ಷರೇ. 1993ರ ನವೆಂಬರ್‌ನಲ್ಲಿ ಆಟದ ವ್ಯವಹಾರಕ್ಕೆಂದು ಹೊಸ ಕಂಪನಿಯೊಂದನ್ನು ಕಟ್ಟಿದಾಗ ಅದರಲ್ಲಿ ಸೋನಿಯ ಪಾಲುದಾರನಾದದ್ದು ಸೋನಿಯದೇ ಸಂಗೀತ ಕಂಪನಿ. ಹಾಡಿನ ತಟ್ಟೆ ಅಚ್ಚು ಹಾಕಿ ಊರೂರಿಗೆ ಮುಟ್ಟಿಸಿ ಪಳಗಿದ್ದವರು ಆಟದ ತಟ್ಟೆಯನ್ನೂ ಅದೇ ದಾರಿಯಲ್ಲಿ ಕಳುಹಿಸಿದರು.

1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಜಪಾನಿನ ಅಂಗಡಿಗಳಿಗೆ ಬಂತು. ಬೆಲೆ 39,800 ಯೆನ್. 1995ರ ಸೆಪ್ಟೆಂಬರ್ 9ರಂದು 299 ಡಾಲರ್ ಬೆಲೆಗೆ ಅಮೆರಿಕದಲ್ಲಿ, ಅದೇ ತಿಂಗಳ 29ರಂದು ಯುರೋಪಿನಲ್ಲಿ ಮಾರಾಟಕ್ಕಿಳಿಯಿತು. ಮುಂದೆ ಹತ್ತು ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. ಟಿ.ವಿ.ಗೆ ಜೋಡಿಸುವ ಆಟದ ಯಂತ್ರಗಳಲ್ಲಿ ಹತ್ತು ಕೋಟಿಯ ಗಡಿ ದಾಟಿದ ಮೊದಲನೆಯದು ಇದೇ. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದದ್ದರಿಂದಲೇ ಮುಂದೆ ಅದು ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿತು.

ತಟ್ಟೆಯ ಮೇಲಿನ ಲೆಕ್ಕದ ಪುಸ್ತಕ

ಯಂತ್ರವನ್ನು ಬಿಚ್ಚುವ ಮುನ್ನ ತಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕು. ಶಾಂತಿಸಾಗರ ಎಂದೂ ಕರೆಯುವ ನಮ್ಮ ಸೂಳೆಕೆರೆಯನ್ನೇ ತೆಗೆದುಕೊಳ್ಳಿ. ದಿನಕ್ಕೊಮ್ಮೆ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ, ವರ್ಷದ ಕೊನೆಗೆ ಆ ಅಂಕಿಗಳಿಂದಲೇ ಕೆರೆಯ ಏರಿಳಿತದ ಗೆರೆಯನ್ನು ಎಳೆಯಬಹುದು. ಕೆರೆ ಪುಸ್ತಕದೊಳಗಿಲ್ಲ, ಅಂಕಿಗಳಿವೆ ಅಷ್ಟೆ. ಸಿ.ಡಿ.ಯೂ ಇಂಥದೇ ಲೆಕ್ಕದ ಪುಸ್ತಕ. ಗಾಯಕನ ಧ್ವನಿ ಮೈಕಿನಲ್ಲಿ ವಿದ್ಯುತ್ ಅಲೆಯಾಗುತ್ತದೆ. ಆ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಪ್ರತಿ ಅಳತೆಗೂ 65,536 ಮಟ್ಟಗಳ ಒಂದು ಅಳತೆಗೋಲು. ಎಡಕ್ಕೊಂದು, ಬಲಕ್ಕೊಂದು ಹೀಗೆ ಎರಡು ಸಾಲು. 74 ನಿಮಿಷದ ಒಂದು ತಟ್ಟೆಯಲ್ಲಿ ಒಂದೊಂದು ಸಾಲಿಗೆ 19 ಕೋಟಿ 58 ಲಕ್ಷ ಅಳತೆಗಳು ತುಂಬಿರುತ್ತವೆ.

ಸೆಕೆಂಡಿಗೆ 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಕನಿಷ್ಠ ಅದರ ಎರಡರಷ್ಟು ವೇಗದಲ್ಲಿ ಅಳೆಯಬೇಕು. ಹಾಗಾಗಿ 40,000ಕ್ಕಿಂತ ಮೇಲಿರಬೇಕು. ಸಿ.ಡಿ. ರೂಪುಗೊಳ್ಳುವ ಕಾಲದಲ್ಲಿ ಇಷ್ಟೊಂದು ಅಂಕಿಗಳನ್ನು ತುಂಬಿಡಲು ಅನುಕೂಲವಾಗಿ ಒದಗಿದ್ದು ವೀಡಿಯೊ ಟೇಪ್. ಸೆಕೆಂಡಿಗೆ 60 ಚಿತ್ರಭಾಗ, ಪ್ರತಿ ಭಾಗದಲ್ಲಿ ಬಳಕೆಗೆ ಬರುವ 245 ಗೆರೆ, ಗೆರೆಗೆ ಮೂರು ಅಳತೆ. ಗುಣಿಸಿ ನೋಡಿ, 44,100. ಯುರೋಪಿನ ಟಿ.ವಿ. ಲೆಕ್ಕದಲ್ಲೂ 50, 294, ಮೂರು ಎಂದು ಗುಣಿಸಿದರೆ ಅದೇ ಉತ್ತರ.

ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿದ ಈ ತಟ್ಟೆಗೆ ಮೊದಲ ಪ್ಲೇಯರನ್ನು ಸೋನಿ ಮಾರಿದ್ದು 1982ರ ಅಕ್ಟೋಬರ್ 1ರಂದು, 1,68,000 ಯೆನ್‌ಗೆ. ಹನ್ನೆರಡು ವರ್ಷದ ನಂತರ ಬಂದ ಆಟದ ಪೆಟ್ಟಿಗೆ ಅದರ ಕಾಲು ಭಾಗಕ್ಕಿಂತ ಕಡಿಮೆ ಬೆಲೆಗೆ ಆಟವನ್ನೂ ಆಡಿಸುತ್ತಿತ್ತು, ಸಿ.ಡಿ.ಯನ್ನೂ ಹಾಡಿಸುತ್ತಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಪ್ಲೇಸ್ಟೇಷನ್ನಿನ ಮುಖ್ಯ ಚಿಪ್ ಓಡುವುದು ಸೆಕೆಂಡಿಗೆ 3,38,68,800 ಬಡಿತಗಳ ವೇಗದಲ್ಲಿ. ಈ ಸಂಖ್ಯೆಯನ್ನು 44,100ರಿಂದ ಭಾಗಿಸಿದರೆ ಸರಿಯಾಗಿ 768 ಬರುತ್ತದೆ, ಶೇಷ ಸೊನ್ನೆ. ಆಟದ ಯಂತ್ರದ ಎದೆಬಡಿತವನ್ನೇ ಸಿ.ಡಿ.ಯ ತಾಳಕ್ಕೆ ಹೊಂದಿಸಿದ್ದರು.

ಪುಸ್ತಕ ಓದುವ ಕೆಲಸ ಸಣ್ಣದಲ್ಲ. ತಟ್ಟೆಯೊಳಗಿನ ಸುರುಳಿ ದಾರಿ ಒಳಗಿನಿಂದ ಹೊರಗೆ ಐದು ಕಿಲೋಮೀಟರ್‌ಗೂ ಉದ್ದ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಒಂದೂವರೆಯಷ್ಟು ಅಂತರ. ಕಣ್ಣಿಗೆ ಕಾಣದ ಲೇಸರ್ ಕಿರಣ ಈ ದಾರಿ ಹಿಡಿದು ಹೋಗುವಾಗ ತಟ್ಟೆ ಒಳ ಅಂಚಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿನಲ್ಲಿ 200 ಸುತ್ತು ತಿರುಗುತ್ತದೆ. ಗೀರು ಬಿದ್ದು ಅಂಕಿ ಅಳಿಸಿಹೋದರೆ? ಅಂಕಿಗಳನ್ನು ಸಾಲಾಗಿ ಬರೆಯದೆ ಚದುರಿಸಿ, ಜೊತೆಗೆ ತಾಳೆ ನೋಡುವ ಹೆಚ್ಚುವರಿ ಅಂಕಿಗಳನ್ನೂ ಇಟ್ಟಿರುತ್ತಾರೆ. ಹೀಗಾಗಿ ದಾರಿಯುದ್ದಕ್ಕೆ ಎರಡೂವರೆ ಮಿಲಿಮೀಟರ್ ಪೂರ್ತಿ ಅಳಿಸಿದರೂ ಯಂತ್ರ ಕಳೆದುಹೋದದ್ದನ್ನು ಲೆಕ್ಕ ಹಾಕಿ ಮರಳಿ ತುಂಬಿಸಿಕೊಳ್ಳುತ್ತದೆ.

ಕೊನೆಯ ಹಂತ ಅಂಕಿಯಿಂದ ಮತ್ತೆ ಅಲೆಯನ್ನು ಎಳೆಯುವುದು. ಈ ಕೆಲಸ ಮಾಡುವ ಚಿಪ್ಪಿಗೆ ಪರಿವರ್ತಕ ಎನ್ನೋಣ. ನಮ್ಮ ಕಥೆಯ ನಾಯಕ ಇವನೇ.

ತಳದಲ್ಲಿ ಅಂಟಿಸಿದ ಸಂಖ್ಯೆ

ಪ್ಲೇಸ್ಟೇಷನ್ ಎಲ್ಲವೂ ಒಂದೇ ಅಲ್ಲ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೆ ತಳದ ಚೀಟಿಯಲ್ಲಿ ಎಸ್‌ಸಿಪಿಎಚ್ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. 1000 ಎಂದಿದ್ದರೆ ಜಪಾನಿನ ಮೊದಲ ಪೆಟ್ಟಿಗೆ, 1001 ಅಮೆರಿಕದ್ದು, 1002 ಯುರೋಪಿನದು. ಸಂಗೀತಪ್ರಿಯರು ಹುಡುಕಿದ್ದು ಈ ಮೊದಲ ತಲೆಮಾರಿನ ಪೆಟ್ಟಿಗೆಗಳನ್ನು, ಅದರಲ್ಲೂ ಹೆಚ್ಚಾಗಿ 1001 ಮತ್ತು 1002.

ಕಾರಣ ಬೆನ್ನ ಹಿಂದಿದೆ. ಈ ಪೆಟ್ಟಿಗೆಗಳ ಹಿಂಬದಿಯಲ್ಲಿ ಆಂಪ್ಲಿಫೈಯರ್‌ಗೆ ನೇರವಾಗಿ ತಂತಿ ಚುಚ್ಚಬಹುದಾದ ಕೆಂಪು, ಬಿಳಿ ತೂತುಗಳಿವೆ. ನಮ್ಮ ಹಳೆ ಟೇಪ್ ಡೆಕ್, ಡಿ.ವಿ.ಡಿ. ಪ್ಲೇಯರ್‌ಗಳಲ್ಲಿ ಇರುವಂಥವೇ. ಒಳಗೆ ಜಪಾನಿನ ಅಸಾಹಿ ಕಾಸೆಯ್ ಕಂಪನಿಯ ಪರಿವರ್ತಕವೊಂದು ಪ್ರತ್ಯೇಕ ಚಿಪ್ ಆಗಿ ಕುಳಿತಿದೆ. ಸಿ.ಡಿ. ಓದುವ ಚಿಪ್ಪುಗಳು ಸೋನಿಯವೇ. ಮುಂದಿನ ವರ್ಷಗಳಲ್ಲಿ ಬೆಲೆ ಇಳಿಸುವ ಪೈಪೋಟಿ ಶುರುವಾಯಿತು. ಒಂದೊಂದು ಆವೃತ್ತಿಯಲ್ಲೂ ಒಂದಷ್ಟು ಬಿಡಿಭಾಗಗಳು ಮಾಯವಾದವು. ಕೆಂಪು-ಬಿಳಿ ತೂತುಗಳೂ ಹೋದವು, ಟಿ.ವಿ.ಗೆ ಹೋಗುವ ಒಂದೇ ಒಂದು ಅಗಲ ಬಾಯಿ ಉಳಿಯಿತು.

ಮೊದಲ ಪೆಟ್ಟಿಗೆಗಳೇನೂ ದೋಷವಿಲ್ಲದವಲ್ಲ. ಲೇಸರ್ ಹೊತ್ತು ಓಡಾಡುವ ಜಾರುಬಂಡಿ ಪ್ಲಾಸ್ಟಿಕ್ಕಿನದು, ಬೇಗ ಸವೆಯುತ್ತಿತ್ತು. ಅದೂ ಸಾಲದೆಂಬಂತೆ ಬಿಸಿಯಾಗುವ ಪವರ್ ಸಪ್ಲೈ ಅದರ ಪಕ್ಕದಲ್ಲೇ ಇತ್ತು. ಸವೆದ ಮೇಲೆ ಲೇಸರ್ ವಾಲಿ ತಟ್ಟೆ ಓದಲು ತಡವರಿಸುತ್ತಿತ್ತು. ಆಗ ಮಕ್ಕಳು ಪೆಟ್ಟಿಗೆಯನ್ನೇ ಬೋರಲು ಹಾಕಿ ಆಡುತ್ತಿದ್ದರು. ಮುಂದಿನ ಆವೃತ್ತಿಗಳಲ್ಲಿ ಲೇಸರನ್ನು ಬಿಸಿಯಿಂದ ದೂರ ಸರಿಸಲಾಯಿತು. ಧ್ವನಿಗೆ ಒಳ್ಳೆಯದೆಂದು ಹೆಸರಾದ ಪೆಟ್ಟಿಗೆಯ ಕಾಲೇ ಕುಂಟು.

ಬಿಚ್ಚಿದವರು ಮಾಡಿದ್ದೇನು?

ಹಾಗಾಗಿ ಮೊದಲ ಕೆಲಸ ರಿಪೇರಿ. ಲೆನ್ಸ್ ಒರೆಸುವುದು, ಜಾರುಬಂಡಿಗೆ ಗ್ರೀಸ್ ಹಚ್ಚುವುದು, ತೀರಾ ಸವೆದಿದ್ದರೆ ಲೇಸರಿನ ಇಡೀ ಜೋಡಣೆಯನ್ನೇ ಬದಲಿಸುವುದು. ಇದರಿಂದ ಆಗುವ ಲಾಭದ ಬಗ್ಗೆ ಯಾರಿಗೂ ಅನುಮಾನವಿಲ್ಲ. ತಟ್ಟೆ ಓದದ ಪೆಟ್ಟಿಗೆ ಹಾಡುವುದೆಲ್ಲಿಂದ ಬಂತು?

ಎರಡನೆಯದು ನಿಜವಾದ ‘ಮಾರ್ಪಾಡು’. ಪರಿವರ್ತಕದಿಂದ ಹೊರಟ ಅಲೆ ಕೆಂಪು-ಬಿಳಿ ತೂತಿಗೆ ಬರುವ ದಾರಿಯಲ್ಲಿ ಕೆಲವು ಠಾಣೆಗಳಿವೆ. ಅಲೆಯನ್ನು ಸೋಸಿ ಬಲ ಕೊಡುವ ಒಂದು ಚಿಕ್ಕ ಚಿಪ್. ನೇರ ವಿದ್ಯುತ್ತನ್ನು ತಡೆದು ಅಲೆಯನ್ನಷ್ಟೇ ಬಿಡುವ ಕೆಪಾಸಿಟರ್. ಪೆಟ್ಟಿಗೆ ಹೊತ್ತಿಸುವಾಗ, ಆರಿಸುವಾಗ ಸ್ಪೀಕರಿನಲ್ಲಿ ‘ಧಡ್’ ಎನ್ನದಂತೆ ಬಾಯಿ ಮುಚ್ಚಿಸುವ ಟ್ರಾನ್ಸಿಸ್ಟರುಗಳು. ದಾರಿಯಲ್ಲಿ ಠಾಣೆ ಹೆಚ್ಚಿದಷ್ಟೂ ಧ್ವನಿ ಕೆಡುತ್ತದೆ ಎಂಬುದು ಮಾರ್ಪಾಡಿನವರ ವಾದ. ಅವರು ಠಾಣೆಗಳನ್ನು ಕಿತ್ತು, ಪರಿವರ್ತಕದ ಕಾಲಿನಿಂದಲೇ ತಂತಿ ಎಳೆದು, ನಡುವೆ ಒಳ್ಳೆಯ ದರ್ಜೆಯ ಒಂದೇ ಒಂದು ಕೆಪಾಸಿಟರ್ ಇಟ್ಟು ಹೊರಗೆ ತಂದರು.

ಈ ಕೆಪಾಸಿಟರನ್ನು ಪೂರ್ತಿ ಬಿಡುವಂತಿಲ್ಲ. ಪರಿವರ್ತಕದ ಅಲೆ ಒಂದು ಸ್ಥಿರ ವೋಲ್ಟೇಜಿನ ಕಟ್ಟೆಯ ಮೇಲೆ ಕುಣಿಯುತ್ತಿರುತ್ತದೆ. ಆ ಕಟ್ಟೆಯೂ ಸೇರಿ ಆಂಪ್ಲಿಫೈಯರ್‌ಗೆ ನುಗ್ಗಿದರೆ ಅದಕ್ಕೂ ಸ್ಪೀಕರಿಗೂ ಅಪಾಯ. ಗಾತ್ರವೂ ಮುಖ್ಯ. ಆಂಪ್ಲಿಫೈಯರ್‌ನ ಒಳಪ್ರವೇಶದ ತಡೆ 10,000 ಓಮ್ ಎಂದುಕೊಳ್ಳಿ. 2.2 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಧ್ವನಿ ಕುಗ್ಗತೊಡಗುವುದು ಸೆಕೆಂಡಿಗೆ ಸುಮಾರು ಏಳು ಕಂಪನದ ಬಳಿ, ಅದು ಕಿವಿಗೆ ಕೇಳುವ ಮಿತಿಗಿಂತ ಕೆಳಗೆ. ಅಗ್ಗಕ್ಕೆ ಸಿಕ್ಕಿತೆಂದು 0.1 ಮೈಕ್ರೊಫ್ಯಾರಡ್‌ನದು ಹಾಕಿದರೆ ಸುಮಾರು 160 ಕಂಪನದಿಂದಲೇ ಕುಗ್ಗತೊಡಗುತ್ತದೆ. ತಬಲಾದ ಡಗ್ಗಾ, ಗಂಡುದನಿಯ ಮಂದ್ರಸ್ಥಾಯಿ ಸೊರಗುತ್ತವೆ. ಆಗ ‘ಧ್ವನಿ ಎಷ್ಟು ತಿಳಿಯಾಯಿತು’ ಎಂದು ಸಂತೋಷಪಡುವವರೂ ಇರಬಹುದು. ತಿಳಿಯಾದದ್ದಲ್ಲ, ಅಡಿಪಾಯ ಹೋದದ್ದು.

ಮೂರನೆಯದು ವಿದ್ಯುತ್ತು. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಮನೆಯ ಕರೆಂಟನ್ನು ಸುಮಾರು ಏಳೂವರೆ ಮತ್ತು ಮೂರೂವರೆ ವೋಲ್ಟಿಗೆ ಇಳಿಸಿಕೊಡುತ್ತದೆ. ಕೆಲವರು ಅದನ್ನು ತೆಗೆದು, ಹೊರಗೆ ಬೇರೊಂದು ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ತಂತಿ ಎಳೆದರು. ಇದರಿಂದ ಧ್ವನಿ ಎಷ್ಟು ಸುಧಾರಿಸಿತೆಂಬುದು ಚರ್ಚೆಯ ವಿಷಯ. ಲೇಸರ್ ಪಕ್ಕದ ಬಿಸಿ ತಪ್ಪಿದ್ದಂತೂ ಖಂಡಿತ.

ನಮ್ಮಲ್ಲಿ ಯಾರಿಗಾದರೂ ಬಂಧುಗಳ ಮೂಲಕ ಅಮೆರಿಕದ 1001 ಸಿಕ್ಕರೆ ಒಂದು ಎಚ್ಚರಿಕೆ. ಅದು 110 ವೋಲ್ಟ್ ಆಸುಪಾಸಿನ ಕರೆಂಟಿಗೆ ಮಾಡಿದ್ದು, ಜಪಾನಿನದು 100 ವೋಲ್ಟಿಗೆ. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಪೆಟ್ಟಿಗೆ ಸುಟ್ಟು ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಯುರೋಪಿನ 1002 ನಮ್ಮ ಕರೆಂಟಿಗೆ ಹೊಂದುತ್ತದೆ. ಆದರೆ ಅದರ ಪವರ್ ಸಪ್ಲೈಯಲ್ಲಿ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ರೇಡಿಯೊ, ಟಿ.ವಿ. ರಿಪೇರಿಯಲ್ಲಿ ಕೈ ಪಳಗಿದವರ ಹೊರತು ಬೇರೆಯವರು ಇದಕ್ಕೆ ಕೈ ಹಾಕಬಾರದು. ಲೇಸರ್ ಕಿರಣ ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೇ ಅದು ಹೆಚ್ಚು ಅಪಾಯಕಾರಿ. ಮುಚ್ಚಳ ತೆರೆದು ಓಡಿಸುತ್ತ ಅದರೊಳಗೆ ಇಣುಕಬಾರದು.

ಕಿವಿ ಹೇಳಿದ್ದು, ಲೆಕ್ಕ ಹೇಳಿದ್ದು

ಈ ಗೀಳು ಹವ್ಯಾಸಿಗಳ ಕೋಣೆಯಿಂದ ಹೊರಬಂದು ಸುದ್ದಿಯಾದದ್ದಕ್ಕೆ ಒಂದು ಮುಖ್ಯ ಕಾರಣ ಅಮೆರಿಕದ ‘ಸ್ಟೀರಿಯೊಫೈಲ್’ ಪತ್ರಿಕೆ. ಲಕ್ಷಗಟ್ಟಲೆ ಬೆಲೆಯ ಸಂಗೀತ ಸಾಧನಗಳನ್ನು ವಿಮರ್ಶಿಸುವ ಆ ಪತ್ರಿಕೆಯಲ್ಲಿ 2008ರ ಜುಲೈನಲ್ಲಿ ಆರ್ಟ್ ಡಡ್ಲಿ ಎಂಬ ಹೆಸರಾಂತ ವಿಮರ್ಶಕರು ಹಳೆಯ ಪ್ಲೇಸ್ಟೇಷನ್ನನ್ನು ಸಿ.ಡಿ. ಪ್ಲೇಯರ್ ಎಂದೇ ಪರಿಗಣಿಸಿ ಬರೆದರು. ಅಲ್ಲಿಂದ ಮುಂದೆ ‘ಸಾವಿರಾರು ಡಾಲರಿನ ಯಂತ್ರಕ್ಕೆ ಇದು ಸರಿಸಾಟಿ’ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು.

ಇದು ನಿಜವೇ? ಉತ್ತರವನ್ನು ಎರಡು ಭಾಗ ಮಾಡಬೇಕು. ಒಂದು, ಸಿ.ಡಿ. ಎಂಬ ಅಳತೆಯ ಪುಸ್ತಕವೇ ಬಹಳ ಚೆನ್ನಾಗಿದೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಿ.ಡಿ.ಗಿಂತ ಸೂಕ್ಷ್ಮವಾಗಿ ಮುದ್ರಿಸಿದ ಸಂಗೀತವನ್ನು ಒಮ್ಮೆ ಹಾಗೆಯೇ, ಒಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಅಂದರೆ ತಟ್ಟೆಯನ್ನು ಸರಿಯಾಗಿ ಓದಿ, ಅಂಕಿಯನ್ನು ಸರಿಯಾಗಿ ಅಲೆಯಾಗಿಸುವ ಯಾವ ಯಂತ್ರವಾದರೂ ಹಾಡಿನ ಬಹುಪಾಲನ್ನು ಕಿವಿಗೆ ಮುಟ್ಟಿಸುತ್ತದೆ. ಆಟದ ಪೆಟ್ಟಿಗೆ ದುಬಾರಿ ಯಂತ್ರದ ಹತ್ತಿರ ಬಂದದ್ದು ಪವಾಡದಿಂದಲ್ಲ; ಒಳ್ಳೆಯ ಸಿ.ಡಿ. ಪ್ಲೇಯರಿಗೆ ಬೇಕಾದ್ದು ಆ ಹೊತ್ತಿಗಾಗಲೇ ಅಗ್ಗವಾಗಿತ್ತು.

ಎರಡು, ಮಾರ್ಪಾಡಿನಿಂದ ಧ್ವನಿ ಬದಲಾಗುವುದು ಸುಳ್ಳಲ್ಲ. ಆದರೆ ಬದಲಾದದ್ದೆಲ್ಲ ಉತ್ತಮವಾದದ್ದಲ್ಲ. ಕಿತ್ತ ಪ್ರತಿ ಠಾಣೆಗೂ ಒಂದು ಕೆಲಸವಿತ್ತು. ಸೋಸುವ ಚಿಪ್ ಹೋದರೆ, ಇಂಥ ಪರಿವರ್ತಕಗಳು ಕಿವಿಗೆ ಕೇಳದ ಎತ್ತರದಲ್ಲಿ ಹುಟ್ಟಿಸುವ ಗದ್ದಲ ಆಂಪ್ಲಿಫೈಯರಿನವರೆಗೂ ಬರುತ್ತದೆ. ಬಾಯಿ ಮುಚ್ಚಿಸುವ ಟ್ರಾನ್ಸಿಸ್ಟರ್ ಹೋದರೆ ‘ಧಡ್’ ಸದ್ದು ಮರಳುತ್ತದೆ. ಮೇಲಾಗಿ ಪ್ಲೇಸ್ಟೇಷನ್ನಿನಲ್ಲಿ ಸಿ.ಡಿ.ಯ ಅಂಕಿಗಳು ನೇರವಾಗಿ ಪರಿವರ್ತಕಕ್ಕೆ ಹೋಗುವುದೂ ಇಲ್ಲ. ಆಟದ 24 ಧ್ವನಿಗಳನ್ನು ಬೆರೆಸುವ ಚಿಪ್ಪಿನ ಮೂಲಕ ಹಾದೇ ಹೋಗಬೇಕು. ಹೊರಗಿನ ತಂತಿಗೆ ಚಿನ್ನದ ಲೇಪ ಕೊಟ್ಟರೂ ಒಳಗಿನ ಈ ದಾರಿ ಬದಲಾಗುವುದಿಲ್ಲ.

ಕೇಳುವವರ ಮನಸ್ಸೂ ಒಂದು ಬಿಡಿಭಾಗವೇ. ಎರಡು ಯಂತ್ರಗಳಲ್ಲಿ ಒಂದರ ಸದ್ದು ಕೊಂಚ ಹೆಚ್ಚಿದ್ದರೂ ಸಾಕು, ಅದು ಹೆಚ್ಚು ಸೊಗಸೆಂದು ತೋರುತ್ತದೆ. ಸದ್ದು ಹೆಚ್ಚಿದೆ ಎಂಬುದೇ ಗೊತ್ತಾಗುವುದಿಲ್ಲ. ರಾತ್ರಿಯಿಡೀ ಕುಳಿತು ಬೆಸೆದ ಯಂತ್ರ ಬೆಳಗ್ಗೆ ಇಂಪಾಗಿ ಹಾಡದೆ ಇರುತ್ತದೆಯೇ? ಸ್ವಂತ ಕೈಯಡುಗೆಯ ರುಚಿಯ ಹಾಗೆ ಅದು. ಇದನ್ನು ಹೇಳುವುದು ಹವ್ಯಾಸಿಗಳನ್ನು ಹಳಿಯಲು ಅಲ್ಲ. ಅವರು ಕಂಡುಕೊಂಡ ಒಂದು ಸತ್ಯ ಉಳಿದೇ ಉಳಿಯುತ್ತದೆ: ಬೆಲೆಚೀಟಿಯನ್ನು ನಂಬದೆ ಬಿಚ್ಚಿ ನೋಡಿದರೆ ‘ಆಟಿಕೆ’ ಎಂಬ ಹೆಸರಿನೊಳಗೂ ಒಂದು ಒಳ್ಳೆಯ ಯಂತ್ರ ಸಿಗಬಹುದು.

ನಮ್ಮ ಶೋಕೇಸಿನ ತಟ್ಟೆಗಳು

ಈಗ ನಮ್ಮ ಮನೆಗೆ ಬರೋಣ. ಕನ್ನಡದ ಹಾಡು ಮನೆಮನೆಗೆ ಬಂದ ದಾರಿಯಲ್ಲಿ ಯಂತ್ರಗಳು ಮತ್ತೆ ಮತ್ತೆ ಬದಲಾಗಿವೆ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಭಾವಗೀತೆ ಕ್ಯಾಸೆಟ್ ಏರಿದ್ದು ಅಲ್ಲಿಂದ. ಆಮೇಲೆ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ಬಂತು. ಹೆಸರಾದ ಹಾಡುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಕೊಂಡು ಬಂದವು. ಅವುಗಳಿಗೆ ಒಡೆಯರಿದ್ದಾರೆ, ಮಾರುಕಟ್ಟೆಯಿದೆ. ಮನೆಯವರೇ ಮುದ್ರಿಸಿದ ಅಜ್ಜಿಯ ಸೋಬಾನೆಗೆ ಅಂಥ ದಿಕ್ಕಿಲ್ಲ. ಅದು ಇರುವುದು ಒಂದೇ ತಟ್ಟೆಯಲ್ಲಿ.

ಆ ಕೆಲಸಕ್ಕೆ ಪ್ಲೇಸ್ಟೇಷನ್ನನ್ನೇ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಅದು ಮನೆಮಾತಾದ ಯಂತ್ರವೂ ಅಲ್ಲ. ಆಗಿನ ನಮ್ಮ ಮಕ್ಕಳಿಗೆ ಟಿ.ವಿ. ಗೇಮ್ ಎಂದರೆ ‘ಕ್ಯಾಸೆಟ್’ ಚುಚ್ಚಿ ಆಡುವ ಅಗ್ಗದ ಪೆಟ್ಟಿಗೆ. ಅದಲ್ಲದೆ ಮೊದಲ ಪ್ಲೇಸ್ಟೇಷನ್ ಮಾಮೂಲು ಆಡಿಯೊ ಸಿ.ಡಿ.ಯನ್ನಷ್ಟೇ ಹಾಡಿಸುತ್ತದೆ. ನೂರು ಹಾಡು ತುಂಬಿದ ಎಂಪಿ3 ತಟ್ಟೆ ಅದಕ್ಕೆ ಅರ್ಥವಾಗದು. ವೀಡಿಯೊ ಸಿ.ಡಿ.ಯೂ ಆಗದು; ಅದಕ್ಕೆಂದೇ ಏಷ್ಯಾದ ಮಾರುಕಟ್ಟೆಗೆ 5903 ಎಂಬ ಬಿಳಿ ಬಣ್ಣದ ಬೇರೆಯೇ ಆವೃತ್ತಿಯನ್ನು ಸೋನಿ ತಂದಿತ್ತು.

ನಮ್ಮ ಪ್ಲೇಸ್ಟೇಷನ್ ಅಟ್ಟದ ಮೇಲಿರುವ ಹಳೆಯ ಡಿ.ವಿ.ಡಿ. ಪ್ಲೇಯರ್. ಅದರಲ್ಲೂ ಲೇಸರ್ ಇದೆ, ಪರಿವರ್ತಕವಿದೆ, ಹಿಂಬದಿಯಲ್ಲಿ ಕೆಂಪು-ಬಿಳಿ ತೂತುಗಳಿವೆ. ಸಾಮಾನ್ಯವಾಗಿ ಆಡಿಯೊ ಸಿ.ಡಿ., ಎಂಪಿ3, ವೀಡಿಯೊ ಸಿ.ಡಿ. ಮೂರನ್ನೂ ಓದುತ್ತದೆ. ಅದು ಕೆಟ್ಟಿದೆ ಎಂದರೆ ಎಷ್ಟೋ ಸಲ ಲೆನ್ಸಿನ ಮೇಲೆ ಧೂಳು ಕುಳಿತಿದೆ, ಇಲ್ಲವೇ ತಟ್ಟೆ ಹೊರತಳ್ಳುವ ಪುಟ್ಟ ರಬ್ಬರ್ ಬೆಲ್ಟ್ ಸಡಿಲವಾಗಿದೆ ಎಂದಷ್ಟೇ ಅರ್ಥ. ಊರಿನ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಬಹುದು. ಅಲ್ಲಿ ಆಗದಿದ್ದರೆ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಜಗತ್ತಿನಲ್ಲಿ 2022ನೇ ಒಂದೇ ವರ್ಷ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು, ಅದರಲ್ಲಿ ಲೆಕ್ಕಕ್ಕೆ ಸಿಗುವಂತೆ ಮರುಬಳಕೆಯ ದಾರಿ ಹಿಡಿದದ್ದು ಕಾಲು ಭಾಗವೂ ಅಲ್ಲ ಎಂದು ವಿಶ್ವಸಂಸ್ಥೆಯ ಅಂಕಿಗಳು ಹೇಳುತ್ತವೆ. ಒಂದು ಬೆಲ್ಟ್ ಬದಲಿಸಿ ಉಳಿಸಿದ ಯಂತ್ರ ಆ ರಾಶಿಗೆ ಸೇರದ ಯಂತ್ರ.

ತಟ್ಟೆಗಳ ಆರೈಕೆಗೂ ಕೆಲವು ಮಾತು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಅಲ್ಲ. ಅಡ್ಡ ಬಿದ್ದ ಗೀರನ್ನು ಯಂತ್ರ ಲೆಕ್ಕ ಹಾಕಿ ದಾಟುತ್ತದೆ. ದಾರಿಯುದ್ದಕ್ಕೂ ಬಿದ್ದ ಗೀರು ಉದ್ದ ಅಳಿಸುವುದರಿಂದ ದಾಟಲಾರದು. ಹೊಳೆಯುವ ಮುಖವೇ ನಾಜೂಕು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಹೆಚ್ಚು ನಾಜೂಕಾದದ್ದು ಹೆಸರು ಬರೆಯುವ ಮುಖ. ಬೆಳಕು ಹಿಂದಿರುಗಿಸುವ ಲೋಹದ ಪದರ ಇರುವುದು ಅದರ ಕೆಳಗೇ. ಚೂಪು ಪೆನ್ನಿನಿಂದ ಒತ್ತಿ ಬರೆಯಬಾರದು. ಮನೆಯಲ್ಲಿ ಇಲ್ಲವೇ ಸ್ಟುಡಿಯೊದಲ್ಲಿ ‘ರೈಟ್’ ಮಾಡಿದ ತಟ್ಟೆಗಳಲ್ಲಿ ಅಂಕಿಗಳಿರುವುದು ಬಣ್ಣದ ಒಂದು ಪದರದಲ್ಲಿ. ಬಿಸಿಲು, ಸೆಕೆ, ವಯಸ್ಸು ಮೂರೂ ಅದಕ್ಕೆ ಶತ್ರು. ಅಚ್ಚು ಹಾಕಿದ ಸಿ.ಡಿ.ಗಿಂತ ಮೊದಲು ಕೈಕೊಡುವುದು ಇವೇ. ಅಜ್ಜಿಯ ಹಾಡು ಇರುವುದೂ ಇವುಗಳಲ್ಲೇ.

ಆದ್ದರಿಂದ ಯಂತ್ರ ಸರಿಯಾದ ದಿನ ಮೊದಲು ಹಾಕಬೇಕಾದದ್ದು ಸಿನಿಮಾ ಹಾಡಿನ ತಟ್ಟೆಯಲ್ಲ, ಪೆನ್ನಿನಲ್ಲಿ ಹೆಸರು ಬರೆದದ್ದು. ಒಮ್ಮೆ ಕೇಳಿ ಓದುತ್ತಿದೆ ಎಂದು ಖಾತ್ರಿಯಾದರೆ, ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಒಂದು ಸಿ.ಡಿ. ಡ್ರೈವ್ ತಂದು, ಅದನ್ನು ಎಂಪಿ3ಗೆ ಕುಗ್ಗಿಸದೆ ಇದ್ದಂತೆಯೇ ಪ್ರತಿ ಮಾಡಿ, ಎರಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಬೇಕು. ಡ್ರೈವ್ ಇಲ್ಲದಿದ್ದರೆ ಇರುವವರಲ್ಲಿ ಕೇಳಿ ಮಾಡಿಸಬೇಕು. ಮುಂದಿನ ಬೇಸಿಗೆ ಕಳೆಯುವ ಮುನ್ನವೇ ಮಾಡಿದರೆ ಒಳ್ಳೆಯದು. ಯಂತ್ರಗಳನ್ನು ಹುಡುಕಿದರೆ ಇನ್ನೊಂದು ಸಿಗುತ್ತದೆ, ಆ ತಟ್ಟೆ ಮಾತ್ರ ಇನ್ನೊಂದಿಲ್ಲ.